ಚೆಕ್‌ಪೋಸ್ಟಿನ ತೃಪ್ತಿ ನಮೂನೆಗೊಂದು ಬಿನ್ನಹ

ಕಾಡಿನ ಚೆಕ್‌ಪೋಸ್ಟ್‌ನಲ್ಲಿ ಚಾರಣಿಗರ ಕೈಗೆ ಬರುವ ಮಾನ್ಯ ತೃಪ್ತಿ ಸಮೀಕ್ಷೆಯ ನಮೂನೆಯವರ ಸನ್ನಿಧಿಗೆ,



ಬೆಟ್ಟ ಇಳಿದು ದಣಿದು ಬಂದವರನ್ನು ನಿಲ್ಲಿಸಿ, ‘ನಿಮಗೆ ತೃಪ್ತಿಯಾಯಿತೇ?’ ಎಂದು ವಿಚಾರಿಸುವ ದೊಡ್ಡ ಮನಸ್ಸು ತಮ್ಮದು. ಸಾರ್ವಜನಿಕರ ಕಾಡಿನಲ್ಲಿ ಸಾರ್ವಜನಿಕರ ಮಾತಿಗೂ ಬೆಲೆಯಿದೆ ಎಂದು ಒಪ್ಪಿಕೊಂಡವರು ತಾವು. ಅದಕ್ಕೆ ನಾವು ಋಣಿಗಳು. ಆ ಋಣದ ಸಲಿಗೆಯಿಂದಲೇ ಕೆಲವು ಅರಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ದಯಮಾಡಿ ಆಲಿಸಬೇಕು.

ಬಂದವರನ್ನು ತಾವು ಆದರಿಸುವ ರೀತಿ ದೊಡ್ಡದು. ಬರುವುದನ್ನೇ ಬಿಟ್ಟವರ ಕಡೆಗೆ ಮಾತ್ರ ತಮ್ಮ ಕೃಪಾದೃಷ್ಟಿ ಇನ್ನೂ ಹರಿದಿಲ್ಲ. ಹಕ್ಕಿಯ ದನಿ ಕೇಳಲೆಂದೇ ಬೆಟ್ಟ ಹತ್ತುತ್ತಿದ್ದವರು ಸ್ಪೀಕರ್‌ಗಳ ಅಬ್ಬರಕ್ಕೆ ಬೇಸತ್ತು ಬೇರೆ ದಿಕ್ಕು ಹಿಡಿಯುತ್ತಾರೆ. ಅವರ ಜಾಗಕ್ಕೆ ಗದ್ದಲ ಒಗ್ಗುವವರು ಬರುತ್ತಾರೆ. ತಾವು ಆ ಹೊಸಬರನ್ನು ಕೇಳುತ್ತೀರಿ, ಅವರು ಐದಕ್ಕೆ ಐದು ಕೊಟ್ಟು ಹೋಗುತ್ತಾರೆ. ಹೀಗಾಗಿ ಜನಜಂಗುಳಿ ವರ್ಷವರ್ಷವೂ ಏರಿದರೂ ತಮ್ಮ ತೃಪ್ತಿಯ ಅಂಕ ಇಳಿಯುವುದಿಲ್ಲ. ಹೊರಾಂಗಣ ವಿಹಾರದ ಸಂಶೋಧಕರು ಇದನ್ನು ದಶಕಗಳ ಹಿಂದೆಯೇ ಗುರುತಿಸಿದ್ದಾರೆ. ಹಳಬರ ಗೈರುಹಾಜರಿಯೂ ಒಂದು ಉತ್ತರವೇ. ಅದನ್ನು ಬರೆದುಕೊಳ್ಳಲು ಒಂದು ಕಾಲಂ ದಯಪಾಲಿಸಬೇಕು.

ಶೌಚಾಲಯ, ಪಾರ್ಕಿಂಗ್, ಕುಡಿಯುವ ನೀರು, ಸಿಬ್ಬಂದಿಯ ನಡವಳಿಕೆ: ತಾವು ಕೇಳುವ ಇವೆಲ್ಲವೂ ಬೇಕಾದ ಪ್ರಶ್ನೆಗಳೇ, ಧನ್ಯವಾದಗಳು. ದಾರಿಯಲ್ಲಿ ಎಷ್ಟು ಜನ ಎದುರಾದರು, ಅಷ್ಟು ಜನರ ನಡುವೆ ಕಾಡು ಕಂಡಿತೇ ಎಂದು ಮಾತ್ರ ತಾವು ಕೇಳಲಿಲ್ಲ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರು ಕಿಕ್ಕಿರಿದ ವಿಡಿಯೊವನ್ನು ನಾಡೆಲ್ಲ ನೋಡಿತು. ಅಂಥ ಸಂಗತಿ ವಿಡಿಯೊ ಮೂಲಕ ತಿಳಿಯುವ ಮೊದಲು ತಮ್ಮ ಮೂಲಕ ತಿಳಿಯಬೇಕಿತ್ತು. ಅಮೆರಿಕದ ಅರಣ್ಯ ಸೇವೆ 2000ದಿಂದ ತನ್ನ ರಾಷ್ಟ್ರೀಯ ಅರಣ್ಯಗಳಲ್ಲಿ ಸರದಿಯಂತೆ ಐದು ವರ್ಷಕ್ಕೊಮ್ಮೆ ಸಂದರ್ಶಕರ ಸಮೀಕ್ಷೆ ನಡೆಸುತ್ತಿದೆ. ಅದರಲ್ಲಿ ಜನದಟ್ಟಣೆಗೆಂದೇ 1ರಿಂದ 10ರವರೆಗಿನ ಅಳತೆಯಿದೆ. ತಮ್ಮ ಹಾಳೆಯಲ್ಲೂ ಅಷ್ಟು ಜಾಗ ಮಾಡಿಕೊಡಬೇಕೆಂದು ಪ್ರಾರ್ಥನೆ.

ನಮ್ಮ ಬಾಯಿಮಾತಿನ ಮೇಲೆ ತಾವಿಟ್ಟ ವಿಶ್ವಾಸಕ್ಕೆ ಕೈಮುಗಿಯುತ್ತೇನೆ. ‘ಕಸ ಎಸೆದಿರಾ? ದಾರಿ ಬಿಟ್ಟು ನಡೆದಿರಾ?’ ಎಂದು ವಾಚರ್ ಎದುರಿಗೇ ಕೇಳಿದರೆ ಹೌದು ಎನ್ನುವವರು ಎಷ್ಟು ಮಂದಿ? ನಡತೆಯನ್ನು ತಿಳಿಯಬೇಕಾದರೆ ಹಾದಿಯನ್ನೇ ಓದಬೇಕು. ಮಳೆಗಾಲದಲ್ಲಿ ಕೆಸರು ತಪ್ಪಿಸಲು ಒಬ್ಬರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ, ಹಿಂದಿನವರೂ ಅಲ್ಲೇ ಇಡುತ್ತಾರೆ. ಹಾದಿ ಅಗಲವಾಗುತ್ತದೆ, ಹುಲ್ಲಿನ ಬೇರು ಸಾಯುತ್ತದೆ, ನೀರು ಆ ಜಾಡಿನಲ್ಲೇ ಇಳಿದು ಕೊರಕಲು ಬೀಳುತ್ತದೆ. ಇವರಲ್ಲಿ ಯಾರೂ ಕಾಡಿಗೆ ಕೇಡು ಬಗೆದವರಲ್ಲ. ಆ ತಿರುವಿನಲ್ಲಿ ಕಲ್ಲು ಹಾಸಿ, ನೀರು ಪಕ್ಕಕ್ಕೆ ಹರಿಯುವಂತೆ ಕಾಲುವೆ ತೋಡಿದರೆ ಎಚ್ಚರಿಕೆಯ ಫಲಕಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ. ಜನ ಎಲ್ಲಿ ದಾರಿ ಬಿಟ್ಟರು, ಏಕೆ ಬಿಟ್ಟರು, ಯಾವ ಬಂಡೆಯ ಬಳಿ ಕಸ ಹೆಚ್ಚು ಎಂಬುದನ್ನು ಕಣ್ಣಾರೆ ನೋಡಿ ಬರೆದಿಡುವ ಶ್ರಮವನ್ನು ತಾವು ವಹಿಸಬೇಕು.

ಅತಿಥಿ ಸತ್ಕಾರದಲ್ಲಿ ತಾವು ನಮ್ಮ ಮಲೆನಾಡಿನ ಮನೆಗಳಿಗೂ ಕಡಿಮೆಯಿಲ್ಲ. ಮನೆಯವರನ್ನೂ ಒಮ್ಮೆ ವಿಚಾರಿಸಿದ್ದರೆ ಚೆನ್ನಾಗಿತ್ತು. ರಜೆ ಮುಗಿದ ಮೇಲೆ ಬಾಟಲಿ ಆಯುವವರು ದಿನಗೂಲಿ ವಾಚರ್‌ಗಳು. ಮಂಜು ಮುಸುಕಿದಾಗ ದಾರಿ ತಪ್ಪಿದವರನ್ನು ಹುಡುಕಲು ಹೋಗುವವರು ಊರಿನ ಗೈಡ್‌ಗಳು. ಸಾಲುಗಟ್ಟಿದ ಕಾರುಗಳ ನಡುವೆ ತಮ್ಮ ಮನೆಗೇ ದಾರಿ ಹುಡುಕಬೇಕಾದವರು ಕಾಡಂಚಿನ ಕೃಷಿಕರು. ಇವರಿಗೆಲ್ಲ ಕನ್ನಡ ಬರುತ್ತದೆ, ಹೇಳಲು ಬೇಕಾದಷ್ಟಿದೆ. ದಯವಿಟ್ಟು ಇವರ ಜಗಲಿಯ ಮೇಲೂ ಒಂದು ಗಳಿಗೆ ಕೂತು ಕೇಳಿ.

ಅಂಕಿಗಳ ಬಗ್ಗೆ ತಮಗಿರುವ ಶ್ರದ್ಧೆ ನನಗೂ ಇದೆ. ಕಾಡು ಎಷ್ಟು ಜನರನ್ನು ತಾಳೀತು ಎಂಬ ಪ್ರಶ್ನೆಯನ್ನು ಅಮೆರಿಕದ ಸಂಶೋಧಕ ಜೆ. ಅಲನ್ ವೇಗರ್ 1964ರ ತಮ್ಮ ಪ್ರಬಂಧದಲ್ಲಿ ಎತ್ತಿಕೊಂಡರು. ಮಣ್ಣು, ಗಿಡಗಳ ಲೆಕ್ಕದಿಂದಲೇ ಉತ್ತರ ಸಿಕ್ಕೀತೆಂದು ಹೊರಟವರು, ಜನರ ಅಪೇಕ್ಷೆಗಳನ್ನು ಸೇರಿಸದೆ ಲೆಕ್ಕ ಪೂರ್ತಿಯಾಗದು ಎಂದು ಕಂಡುಕೊಂಡರು. ತಾವು ಅಪೇಕ್ಷೆಗಳನ್ನು ಹಿಡಿದುಕೊಂಡು ಮಣ್ಣು, ಗಿಡಗಳನ್ನು ಬಿಟ್ಟಿದ್ದೀರಿ. 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಇನ್ನೊಂದು ಕ್ರಮ ತೋರಿಸಿದರು: ಎಷ್ಟು ಬದಲಾವಣೆಯನ್ನು ಒಪ್ಪಬಹುದೆಂದು ಮೊದಲೇ ಗೊತ್ತುಮಾಡಿ, ಅದನ್ನು ಅಳೆಯುತ್ತ ಇರಿ, ಮಿತಿ ಮೀರುವಾಗ ಕ್ರಮ ಕೈಗೊಳ್ಳಿ. ಕುಮಾರಪರ್ವತದ ನೂಕುನುಗ್ಗಲಿನ ನಂತರ ನಮ್ಮಲ್ಲೂ ಆನ್‌ಲೈನ್ ಬುಕಿಂಗ್ ಬಂತು, ಚಾರಣದ ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಅದು ಒಳ್ಳೆಯ ಹೆಜ್ಜೆ. ಆದರೆ ಬಂಡೆಗುಡ್ಡಕ್ಕೂ ಶೋಲಾ ಕಾಡಿನ ಅಂಚಿಗೂ, ಜನವರಿಗೂ ಜುಲೈಗೂ ಅದೇ 300 ಸರಿಯೇ? ಹಾದಿಯನ್ನು ಅಳೆದು ಉತ್ತರ ಹೇಳಬೇಕಾದವರು ತಾವೇ.

ಕೊನೆಯ ವಿಜ್ಞಾಪನೆ. ಇಷ್ಟೂ ಜನರ ಉತ್ತರಗಳನ್ನು ತಾವು ಜೋಪಾನವಾಗಿ ಇಟ್ಟುಕೊಂಡಿದ್ದೀರಿ. ಅವನ್ನು ಚೆಕ್‌ಪೋಸ್ಟಿನ ಗೋಡೆಗೆ ಹಚ್ಚಿ: ಕಳೆದ ವರ್ಷ ಜನ ಹೀಗೆಂದರು, ಹಾದಿಯಲ್ಲಿ ನಾವು ಇಂಥದ್ದನ್ನು ಕಂಡೆವು, ಅದಕ್ಕಾಗಿ ಇಂಥದ್ದನ್ನು ಬದಲಾಯಿಸಿದೆವು. ತಾನು ಹೇಳಿದ್ದು ಕೆಲಸಕ್ಕೆ ಬಂತೆಂದು ಕಂಡವನು ಮುಂದಿನ ಸಲ ಯೋಚಿಸಿ ಉತ್ತರಿಸುತ್ತಾನೆ, ಅಪ್ರಿಯವಾದದ್ದನ್ನೂ ಮುಚ್ಚಿಡುವುದಿಲ್ಲ. ಎಣಿಸಲು, ಅಳೆಯಲು, ಬರೆದುಕೊಳ್ಳಲು ಕೈಗಳು ಸಾಲದಿದ್ದರೆ ನಮ್ಮನ್ನು ಕರೆಯಿರಿ. ಈ ಬೆಟ್ಟಗಳನ್ನು ಪ್ರೀತಿಸುವ ಚಾರಣಿಗರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ, ಖಂಡಿತ ಬರುತ್ತಾರೆ.

ಇಂತಿ ತಮ್ಮ ವಿಧೇಯ,
ಒಬ್ಬ ಚಾರಣಿಗ