ಗದ್ದದ ಬಾವು ಇಳಿಯುವ ತನಕ: ಬಂಧುಗಳಿಗೆ ಬಹಿರಂಗ ಪತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಕಾ, ಮಾಮಾ, ಅತ್ತಿ, ಅಕ್ಕಂದಿರೇ,

ಬೆಂಗಳೂರಿನಲ್ಲೋ ಪುಣೆಯಲ್ಲೋ ಗದ್ದದ ಆಪರೇಷನ್ ಮಾಡಿಸಿಕೊಂಡು ನಿಮ್ಮ ಓಣಿಯ ಹುಡುಗನೋ ಹುಡುಗಿಯೋ ಊರಿಗೆ ಬಂದರೆ ನೀವು ನೋಡಲು ಹೋಗುತ್ತೀರಿ. ಹೋಗಲೇಬೇಕು. ಆದರೆ "ದೇವರು ಕೊಟ್ಟ ಮಾರಿಗೆ ಏನ್ ಕಡಿಮಿ ಆಗಿತ್ತು?" ಎಂದು ಮಾತ್ರ ಕೇಳಬೇಡಿ.

ಈ ಪ್ರಶ್ನೆಗೆ ಹೆದರಿಯೇ ಎಷ್ಟೋ ಮಕ್ಕಳು ಮುಚ್ಚಿಡುತ್ತಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಹೆತ್ತವರಿಗೆ ತಿಳಿಸದೆ ಆಸ್ಪತ್ರೆಗೆ ಹೋಗಿದ್ದರೆಂದು ಆಗ ವರದಿಯಾಗಿತ್ತು. ಮನೆಯಲ್ಲಿ ಹೇಳಲಾಗದ ಆಪರೇಷನ್ನಿಗೆ ಮಕ್ಕಳು ಒಂಟಿಯಾಗಿ ಹೋಗುವಂತಾಗಬಾರದು.

ಗದ್ದದ ಮೂಳೆಯ ಮೇಲೆ ಸಿಲಿಕೋನ್ ತುಂಡು ಕೂರಿಸಲು ಕೆಳತುಟಿಯ ಒಳಗೋ ಗದ್ದದ ಅಡಿಯಲ್ಲೋ ಕೊಯ್ಯುತ್ತಾರೆ. ಮೊದಲ ಎರಡು ಮೂರು ದಿನ ಬಾವು ಏರಿ, ಆಮೇಲೆ ಇಳಿಯತೊಡಗುತ್ತದೆ. ಅಲ್ಲಿನ ನರಕ್ಕೆ ಪೆಟ್ಟಾಗಿ ಕೆಳತುಟಿ ಜೋಮು ಹಿಡಿಯಬಹುದು. ಕುಡಿದ ನೀರು ಸೋರಿದರೂ ತಿಳಿಯದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಅದು ಬಿಡುತ್ತದೆ. ಗದ್ದದ ನಿಜವಾದ ಆಕಾರ ಕಾಣುವುದೂ ತಿಂಗಳುಗಳ ನಂತರವೇ. ಮೊದಲ ವಾರವೇ "ಸೊಟ್ಟ ಆಗೇದಲ್ಲ" ಎನ್ನುವುದು ಅನ್ಯಾಯ.

ಕೈಯಲ್ಲಿ ಏನಾದರೂ ಒಯ್ಯಬೇಕೆನಿಸಿದರೆ ಕಟಕ ರೊಟ್ಟಿ ಬೇಡ, ನುಚ್ಚು-ಮಜ್ಜಿಗೆ ಒಯ್ಯಿರಿ. ಬಾಯೊಳಗೆ ಹೊಲಿಗೆ ಇದ್ದರೆ ಇಂಡಿಯ ಲಿಂಬೆಯ ಉಪ್ಪಿನಕಾಯಿಯೂ ಸ್ವಲ್ಪ ದಿನ ದೂರವಿರಲಿ. ಮಲಗುವಾಗ ತಲೆಯ ಕೆಳಗೆ ಎರಡು ದಿಂಬು ಇಡಿ. ಚಿಕ್ಕಮಕ್ಕಳು ಮೈಮೇಲೆ ಬಿದ್ದು ಆಡದಂತೆ ನೋಡಿಕೊಳ್ಳಿ.

ಇಳಿದ ಬಾವು ಮತ್ತೆ ಏರಿದರೆ, ಒಂದೇ ಬದಿ ಉಬ್ಬಿದರೆ, ಜ್ವರ ಬಂದರೆ, ಕೀವು ಕಂಡರೆ ಅರಿಸಿನ ಹಚ್ಚುತ್ತ ಕೂರಬೇಡಿ. ಆಪರೇಷನ್ ಮಾಡಿದ ಸರ್ಜನ್‌ಗೆ ಕೂಡಲೇ ಫೋನ್ ಮಾಡಿಸಿ. ನಮ್ಮೂರುಗಳಿಂದ ವಿಜಯಪುರದ ದೊಡ್ಡಾಸ್ಪತ್ರೆಗೇ ಒಂದೆರಡು ತಾಸಿನ ದಾರಿ. ಬೆಳಗಾಗಲಿ ಎಂದು ಕಾಯುವುದು ಅಪಾಯ.

ಮುಖ ತಿದ್ದಿಸಿಕೊಳ್ಳುವುದು ಸರಿಯೋ ತಪ್ಪೋ ಎಂಬ ಚರ್ಚೆ ನಡೆಯಲಿ, ಗಾಯ ಮಾಯ್ದ ಮೇಲೆ. ಅದಕ್ಕಿಂತ ಮುಖ್ಯವಾದದ್ದು, ಇನ್ನೊಂದು ಮಗು ಆಪರೇಷನ್ನಿಗೆ ಮೊದಲೇ ಬಂದು ನಿಮಗೆ ಹೇಳುವಷ್ಟು ಸಲಿಗೆ ಉಳಿಸಿಕೊಳ್ಳುವುದು. ಆಗ ಜೊತೆಗೆ ಹೋಗಿ, ಸರ್ಜನ್ ಏನು ಓದಿದ್ದಾರೆ, ಆಸ್ಪತ್ರೆಯಲ್ಲಿ ಐಸಿಯು ಇದೆಯೇ ಎಂದು ನೀವೇ ವಿಚಾರಿಸಬಹುದು.

ಇಂತಿ,
ನಿಮ್ಮ ಜಿಲ್ಲೆಯವರೊಬ್ಬರು