ಒಂದು ಖಾತೆಯ ಅವಿಭಕ್ತ ಕುಟುಂಬ

ನಮ್ಮ ಮನೆಯಲ್ಲಿ ನನಗೆ ಬೇರೆ ಯಾವ ಅಧಿಕಾರವೂ ಇಲ್ಲ. ಅಡ್ಮಿನ್ ಎಂಬ ಒಂದು ಹುದ್ದೆ ಮಾತ್ರ ಇದೆ. ಸಂಬಳವಿಲ್ಲದ, ರಜೆಯಿಲ್ಲದ, ರಾಜೀನಾಮೆ ಕೊಟ್ಟರೂ ಯಾರೂ ಸ್ವೀಕರಿಸದ ಹುದ್ದೆ. ರೌಟರಿನ ದೀಪ ಕೆಂಪಾದರೆ, ಟಿವಿಯಲ್ಲಿ ಧಾರಾವಾಹಿಯ ಅತ್ತೆ ಬಾಯಿ ತೆರೆದುಕೊಂಡೇ ನಿಂತುಬಿಟ್ಟರೆ, ಅಮ್ಮನ ಫೋನಿನ ಅಕ್ಷರ ರಾತ್ರೋರಾತ್ರಿ ದಪ್ಪಗಾದರೆ ಕರೆ ಬರುವುದು ನನಗೆ. ನಾನು ಬಂದು, ಕನ್ನಡಕವನ್ನು ಹಣೆಗೇರಿಸಿ, "ಹೂಂ, ಇದು ಸೆಟ್ಟಿಂಗ್ಸ್ ಪ್ರಾಬ್ಲಂ" ಎಂದು ಗಂಭೀರವಾಗಿ ಹೇಳಿ, ಆಫ್ ಮಾಡಿ ಆನ್ ಮಾಡುತ್ತೇನೆ. ಬಹುಪಾಲು ಅಷ್ಟಕ್ಕೇ ಸರಿಹೋಗುತ್ತದೆ. ಸರಿಹೋಗದಿದ್ದರೆ "ಸರ್ವರ್ ಡೌನ್, ನಾಳೆ ಬನ್ನಿ" ಎನ್ನುತ್ತೇನೆ. ಬ್ಯಾಂಕಿನ ಕೌಂಟರಿನ ಹಿಂದೆ ಇಷ್ಟು ವರ್ಷ ಕೂತು ಕಲಿತ ವಿದ್ಯೆ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಅಡ್ಮಿನ್ ಎಂದಮೇಲೆ ಒಂದು ನೀತಿ ಬೇಕಲ್ಲ. ನನ್ನ ನೀತಿ: ಮನೆಗೆಲ್ಲ ಒಂದೇ ಖಾತೆ. ನನ್ನ ಫೋನು, ಹೆಂಡತಿಯ ಫೋನು, ಅಮ್ಮನ ಫೋನು, ಪಿಯುಸಿ ಓದುವ ಮಗನ ಫೋನು, ಲ್ಯಾಪ್‌ಟಾಪು, ಕೊನೆಗೆ ಟಿವಿ, ಎಲ್ಲಕ್ಕೂ ಒಂದೇ ಇಮೇಲ್, ಒಂದೇ ಪಾಸ್‌ವರ್ಡ್. ಪುಕ್ಕಟೆ ಜಾಗ ಯಾರು ಎಷ್ಟು ಕೊಡುತ್ತಾರೆ ಎಂಬುದು ನನಗೆ ಬಡ್ಡಿದರಕ್ಕಿಂತ ಚೆನ್ನಾಗಿ ಬಾಯಿಪಾಠ. ಗೂಗಲ್‌ನವರು 15 ಜಿಬಿ, ಅದರಲ್ಲೇ ಮೇಲು, ಡ್ರೈವು, ಫೋಟೋ ಮೂರೂ ಏಗಬೇಕು. ಆ್ಯಪಲ್ 5, ಮೈಕ್ರೋಸಾಫ್ಟ್ 5, ಡ್ರಾಪ್‌ಬಾಕ್ಸ್ 2. ನಮ್ಮ ಸಂಸಾರ ಇವರಲ್ಲಿ ಯಾರ ಹಂಗಿನಲ್ಲಿದೆ, ಇವರನ್ನು ಬಿಟ್ಟು ಇನ್ನ್ಯಾರದ್ದಾದರೂ ಹಂಗೋ, ಹೇಳುವುದಿಲ್ಲ. ಪಾಪ, ಮುಂದೆ ಆದದ್ದರಲ್ಲಿ ಅವರದ್ದೇನೂ ಇಲ್ಲ.

"ಫ್ಯಾಮಿಲಿ ಪ್ಲಾನ್ ಅಂತ ಇರುತ್ತೆ ಅಪ್ಪ" ಎಂದು ಮಗ ಹೇಳಿದ್ದ. "ದುಡ್ಡು ಕೊಟ್ರೆ ಜಾಗ ಮಾತ್ರ ಎಲ್ಲರೂ ಹಂಚ್ಕೊಳ್ಳೋದು. ಖಾತೆ ಒಬ್ಬೊಬ್ಬರದೂ ಬೇರೆ. ನಿನ್ನ ಫೋಟೋ ನನಗೆ ಕಾಣಲ್ಲ, ನನ್ನದು ನಿನಗೆ ಕಾಣಲ್ಲ."

"ತಿಂಗಳು ತಿಂಗಳು ದುಡ್ಡೂ ಕೊಟ್ಟು ಮನೇನೂ ಒಡೀಬೇಕಾ?" ಎಂದೆ. ಚರ್ಚೆ ಅಲ್ಲಿಗೆ ಮುಗಿಯಿತು. ಅಡ್ಮಿನ್ ಜೊತೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಒಂದೇ ಖಾತೆಯ ಮಹಿಮೆ ಮೊದಲು ಪ್ರಕಟವಾದದ್ದು ಟಿವಿಯಲ್ಲಿ. ಯಾರೂ ನೋಡದಿದ್ದಾಗ ಅದು ತನ್ನಷ್ಟಕ್ಕೆ ಖಾತೆಯ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಾ ಕೂತಿರುತ್ತದೆ. ಒಂದು ಸಂಜೆ, ಆಡಿಟ್ ಇದೆ, ತಡವಾಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದವನು ಮನೆಗೆ ಬಂದರೆ ಹಾಲಿನಲ್ಲಿ ಐವತ್ತೈದು ಇಂಚಿನಷ್ಟು ಅಗಲಕ್ಕೆ ಬೆಣ್ಣೆ ಮಸಾಲೆ ದೋಸೆ ಹೊಳೆಯುತ್ತಿದೆ. ಪಕ್ಕದಲ್ಲಿ ನನ್ನ ವಾಚು ಕಟ್ಟಿದ ಕೈ. ಶುಗರ್ ಮಾತ್ರೆ ಹಿಡಿದು ನಿಂತಿದ್ದ ಹೆಂಡತಿ ಪರದೆಯನ್ನೇ ದಿಟ್ಟಿಸುತ್ತಾ, "ಆಡಿಟ್‌ನವರು ಎರಡು ಥರ ಚಟ್ನಿ ಕೊಡ್ತಾರೇನ್ರೀ?" ಎಂದು ಕೇಳಿದಳು. ಹೋಟೆಲಿನಿಂದ ಮನೆಗೆ ನಾನು ಸ್ಕೂಟರಿನಲ್ಲಿ ಬರುವಷ್ಟರಲ್ಲಿ ದೋಸೆ ಬಂದು ಮುಟ್ಟಿತ್ತು. ಸಿಂಕ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ನಿಜವಾದ ಅನಾಹುತ ಕಾಂಟ್ಯಾಕ್ಟ್ಸ್‌ನದು. ನಮ್ಮ ಜನ ಫೋನಿನಲ್ಲಿ ಹೆಸರು ಬರೆದುಕೊಳ್ಳುವುದಿಲ್ಲ, ಸಂಬಂಧ ಬರೆದುಕೊಳ್ಳುತ್ತಾರೆ. ನನ್ನ ಫೋನಿನಲ್ಲಿ 'ಅಮ್ಮ' ಎಂದರೆ ನನ್ನ ಅಮ್ಮ. ಹೆಂಡತಿಯ ಫೋನಿನಲ್ಲಿ 'ಅಮ್ಮ' ಎಂದರೆ ಅರಸೀಕೆರೆಯ ಅವಳ ಅಮ್ಮ. ಮಗನ ಫೋನಿನಲ್ಲಿ 'ಅಮ್ಮ' ಎಂದರೆ ನನ್ನ ಹೆಂಡತಿ. 'ಮಾವ' ಅಂತೂ ಕೇಳಲೇಬೇಡಿ. ನನಗೆ ಹೆಣ್ಣು ಕೊಟ್ಟವರು, ಮಗನಿಗೆ ಸೋದರಮಾವ, ಅಮ್ಮನಿಗೆ ತೊಂಬತ್ತು ದಾಟಿದ ಆಕೆಯ ತಾಯಿಯ ತಮ್ಮ. ಬೇರೆ ಬೇರೆ ಫೋನುಗಳಲ್ಲಿ ಸುಖವಾಗಿದ್ದ ಇವರೆಲ್ಲ ಒಂದೇ ಖಾತೆಗೆ ಬಂದಿಳಿದರು. ಆಗ ಆ್ಯಪ್ ಬಹಳ ವಿನಯದಿಂದ, ಒಂದೇ ಹೆಸರಿನವರು ಹಲವರಿದ್ದಾರೆ, ವಿಲೀನ ಮಾಡಲೇ ಎಂದು ಕೇಳಿತು. ಬ್ಯಾಂಕಿನವನಿಗೆ ವಿಲೀನ ಹೊಸದಲ್ಲ. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿದ್ದನ್ನು ಕಂಡವನು ನಾನು. ಮೂವರು ಅಮ್ಮಂದಿರೇನು ಮಹಾ. ಒತ್ತಿದೆ.

ಹೆಂಡತಿ ಮಧ್ಯಾಹ್ನದ ಊಟವಾದ ಮೇಲೆ ತಾರಸಿಗೆ ಬಟ್ಟೆ ತೆಗೆಯಲು ಹೋದಾಗ ತವರಿಗೆ ಫೋನ್ ಮಾಡುವುದು ರೂಢಿ. ಹಲೋ ಗಿಲೋ ಏನೂ ಇಲ್ಲ, ನೇರ ವಿಷಯಕ್ಕೆ. ಅಂದೂ 'ಅಮ್ಮ' ಒತ್ತಿ, ಆ ಕಡೆ ಎತ್ತಿದ ಸದ್ದಾದದ್ದೇ ತಡ, "ಇವತ್ತೂ ಹುಳಿಗೆ ಉಪ್ಪು ಸಾಲದು ಅಂದ್ರು ಕಣಮ್ಮ. ನಾನು ಏನು ಮಾಡಿದ್ರೂ ಅವರ ನಾಲಿಗೆಗೆ ಹಿಡಿಸಲ್ಲ" ಎಂದಳು.

"ಉಪ್ಪು ಸಾಲದಾಗಿತ್ತು ತಾಯಿ, ಅದಕ್ಕೇ ಅಂದೆ. ಅಂದಹಾಗೆ, ಆ ಕೆಂಪು ಸೀರೆ ಇನ್ನೂ ಹಸಿ ಇದ್ದರೆ ತರಬೇಡ" ಎಂದು ಉತ್ತರ ಬಂತು, ಕೆಳಗಿನ ನಡುಮನೆಯಿಂದ.

ಅಲ್ಲಿಂದಾಚೆಗೆ ಸಾರಿನಲ್ಲಿ ಉಪ್ಪು ಎಷ್ಟಿತ್ತು ಎಂಬುದನ್ನು ಇಲ್ಲಿ ಬರೆಯದಿರುವುದೇ ಕ್ಷೇಮ.

ಇಷ್ಟರ ನಡುವೆ ಜಾಗ ತುಂಬಿತು. ತುಂಬದೆ ಏನು ಮಾಡೀತು? ಅಮ್ಮನಿಗೆ ಬೆಳಗಾಗುವುದರೊಳಗೆ ಶುಭೋದಯಗಳು ಬರುತ್ತವೆ. ಗುಲಾಬಿಯ ಶುಭೋದಯ, ಕಾಫಿ ಲೋಟದ ಶುಭೋದಯ, ಸೂರ್ಯನ ಮುಂದೆ ಹಂಸ ಈಜುವ ಶುಭೋದಯ. ಸೋಮವಾರ ಶಿವ, ಗುರುವಾರ ರಾಯರು, ಶನಿವಾರ ಹನುಮಂತ. ಬಂದದ್ದೆಲ್ಲ ಫೋನಿನ ಗ್ಯಾಲರಿಯಲ್ಲಿ ತಾನೇ ಉಳಿಯುತ್ತದೆ. ಹೀಗಾಗಿ ಒಂದೇ ಗುಲಾಬಿ ವಾಟ್ಸಾಪಿನ ಬ್ಯಾಕಪ್ಪಿನಲ್ಲಿ ಒಂದು ಸಲ, ಗ್ಯಾಲರಿಯ ಬ್ಯಾಕಪ್ಪಿನಲ್ಲಿ ಇನ್ನೊಂದು ಸಲ ಜಾಗ ಹಿಡಿಯುತ್ತದೆ. ಮುಂಚೆ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪು ಲೆಕ್ಕಕ್ಕೇ ಬರುತ್ತಿರಲಿಲ್ಲ. 2024ರಿಂದ ಅದನ್ನೂ ಖಾತೆಯ ಜಾಗದಲ್ಲೇ ಮುರಿದುಕೊಳ್ಳುತ್ತಿದ್ದಾರೆ.

ಜಾಗ ತುಂಬಿದರೆ ಫೋಟೋ ಮೇಲೇರುವುದು ನಿಲ್ಲುತ್ತದೆ, ಅದು ಎಲ್ಲರಿಗೂ ಗೊತ್ತು. ಇಮೇಲ್ ಒಳಗೆ ಬರುವುದೂ ನಿಲ್ಲುತ್ತದೆ, ಕಳಿಸಿದವರಿಗೇ ವಾಪಸ್ ಹೋಗುತ್ತದೆ ಎಂಬುದು ನಮಗೆ ತಿಳಿದದ್ದು ಅಣ್ಣನ ಮಗಳ ಮದುವೆಯ ಮಾತುಕತೆಯಲ್ಲಿ. ಅಣ್ಣನಿಗೆ ಇಮೇಲ್ ಗಿಮೇಲ್ ಆಗದು. ಗಂಡಿನ ಕಡೆಯವರಿಗೆ ನಮ್ಮ ವಿಳಾಸವನ್ನೇ ಕೊಟ್ಟಿದ್ದ. ಅವರು ಒಳ್ಳೆಯ ಮುಹೂರ್ತ ನೋಡಿ ಹುಡುಗನ ಜಾತಕ ಕಳಿಸಿದ್ದಾರೆ. ಜಾತಕ ನಿಮಿಷದೊಳಗೆ ಅವರ ಮನೆಗೇ ವಾಪಸ್. ಜಾತಕ ವಾಪಸ್ ಬಂದರೆ ನಮ್ಮ ಕಡೆ ಅದನ್ನು ಯಾರೂ ತಾಂತ್ರಿಕ ದೋಷ ಅಂದುಕೊಳ್ಳುವುದಿಲ್ಲ. "ಬಿಚ್ಚಿಯೂ ನೋಡದೆ ತಿರುಗಿಸಿ ಕಳಿಸಿದ್ರಂತಲ್ಲೋ! ಅಷ್ಟು ಅಹಂಕಾರವೇನೋ ನಿನಗೆ?" ಎಂದು ಅಣ್ಣ ಕೂಗಾಡಿದ. ಗುಲಾಬಿ ಹೂವಿನಿಂದ ಹೀಗಾಯಿತು ಎಂದು ವಿವರಿಸಿದೆ. ಅವನಿಗೆ ಇನ್ನೂ ಸಿಟ್ಟು ಬಂತು.

ತಕ್ಷಣ ಕಾರ್ಯಾಚರಣೆಗಿಳಿದೆ. ಕ್ಲೌಡ್‌ನಲ್ಲಿ ಅಳಿಸಿದರೇನು, ಫೋನುಗಳಲ್ಲಿ ಇದ್ದೇ ಇರುತ್ತದಲ್ಲ ಎಂಬ ಧೈರ್ಯದಲ್ಲಿ ಹಳೆಯದನ್ನೆಲ್ಲ ಲ್ಯಾಪ್‌ಟಾಪಿನಿಂದ ಗುಡಿಸಿ ಹಾಕಿದೆ. ಸಿಂಕ್ ಎಂಬುದು ಬ್ಯಾಕಪ್ಪಲ್ಲ. ಒಂದು ಕಡೆ ಸೇರಿಸಿದ್ದನ್ನು ಎಷ್ಟು ನಿಷ್ಠೆಯಿಂದ ಎಲ್ಲ ಕಡೆ ಸೇರಿಸುತ್ತದೋ, ಒಂದು ಕಡೆ ಅಳಿಸಿದ್ದನ್ನು ಅದಕ್ಕಿಂತ ನಿಷ್ಠೆಯಿಂದ ಎಲ್ಲ ಕಡೆ ಅಳಿಸುತ್ತದೆ. ಅರ್ಧ ಗಂಟೆಯಲ್ಲಿ ನಾಲ್ಕೂ ಫೋನಿನಿಂದ ಗೃಹಪ್ರವೇಶ ಮಾಯ. ಅಳಿಸಿದ್ದು ಕೆಲವು ವಾರ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ ಎಂದು ಮಗನಿಗೆ ಗೊತ್ತಿತ್ತಾಗಿ ಗೃಹಪ್ರವೇಶ ಮತ್ತೆ ನಡೆಯಿತು. ಗುಲಾಬಿಗಳೂ ವಾಪಸ್ ಬಂದವು.

"ನಾಳೆ ಬೆಳಗಾಗೋದರೊಳಗೆ ನನಗೆ ಬೇರೆ ಖಾತೆ" ಎಂದಳು ಹೆಂಡತಿ. ಬೇರೆ ಮನೆ ಎನ್ನಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಒಪ್ಪಿದೆ. ಮೊದಲು ಹಳೆಯ ಖಾತೆಯಿಂದ ಎಲ್ಲರನ್ನೂ ಹೊರಗೆ ಹಾಕಬೇಕು. ಪಾಸ್‌ವರ್ಡ್ ಬದಲಿಸಿದೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿದ, ಯಾವ ಕಳ್ಳನಿಗೂ ದಕ್ಕದ ಪಾಸ್‌ವರ್ಡ್. ಮರೆಯದಿರಲೆಂದು ಒಂದು ಫೈಲಿನಲ್ಲಿ ಬರೆದು ಅದೇ ಖಾತೆಯಲ್ಲಿ ಜೋಪಾನವಾಗಿ ಇಟ್ಟೆ. ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಬೀರುವಿನೊಳಗೇ ಇಡುವವರು ಇರುತ್ತಾರೆ ಎಂದು ನಾವು ಲಾಕರ್ ವಿಭಾಗದಲ್ಲಿ ನಗುತ್ತಿದ್ದೆವು. ಆಮೇಲೆ, ಸಿಂಕ್ ತೊಂದರೆಗೆ ಎಲ್ಲರೂ ಹೇಳುವ ಮದ್ದಿನಂತೆ ಲ್ಯಾಪ್‌ಟಾಪಿನಲ್ಲಿ ಕ್ಯಾಶ್ ಖಾಲಿ ಮಾಡಿ, ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಲು ಹೋದೆ.

ಪಾಸ್‌ವರ್ಡ್ ತಪ್ಪು ಎಂದಿತು. ಇನ್ನೊಂದು ಥರ ಹಾಕಿದೆ, ಅದೂ ತಪ್ಪು. ಮರೆತಿದ್ದರೆ ನಿಮ್ಮ ಮೊಬೈಲಿಗೆ ಓಟಿಪಿ ಕಳಿಸುತ್ತೇವೆ ಎಂದು, ಕೊನೆಯ ಎರಡು ಅಂಕಿ ಮಾತ್ರ ಕಾಣುವ ಒಂದು ನಂಬರ್ ತೋರಿಸಿತು. ಆ ಅಂಕಿಗಳನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡದೆ ಏನು, ನನ್ನದೇ ಹಳೆಯ ನಂಬರು! 2016ರಲ್ಲಿ ಊರಿಗೆಲ್ಲ ಪುಕ್ಕಟೆ ಡೇಟಾ ಹಂಚಿದಾಗ ಹೊಸ ಸಿಮ್ಮಿನ ಸಾಲಿನಲ್ಲಿ ನಿಂತು, ಹಳೆಯದನ್ನು ಡ್ರಾಯರಿನಲ್ಲಿ ಒಣಗಲು ಬಿಟ್ಟಿದ್ದೆ. ಮೂರು ತಿಂಗಳು ಬಳಸದ ನಂಬರನ್ನು ಕಂಪನಿ ಹಿಂದಕ್ಕೆ ತೆಗೆದುಕೊಂಡು, ಸ್ವಲ್ಪ ಕಾಲ ಬಿಟ್ಟು ಬೇರೆಯವರಿಗೆ ಕೊಡಬಹುದು. ಹಾಗೆ ಕೊಟ್ಟಿದ್ದರು. ಎಲ್ಲಿಗೇ ಕೊಡಲಿ, ಕರ್ನಾಟಕವೆಲ್ಲ ಒಂದೇ ಟೆಲಿಕಾಂ ವಲಯ, ಕನ್ನಡದವರಿಗೇ ಸಿಕ್ಕಿರುತ್ತದೆ ಎಂದು ಧೈರ್ಯ ಮಾಡಿ ಡಯಲ್ ಮಾಡಿದೆ. ರಿಂಗಾಗುವ ಮೊದಲೇ ಸೈಬರ್ ವಂಚಕರಿದ್ದಾರೆ ಎಚ್ಚರಿಕೆ ಎಂಬ ಸರ್ಕಾರಿ ಧ್ವನಿ ಬಂತು. ಆಗಲೇ ಇಟ್ಟುಬಿಡಬೇಕಿತ್ತು.

"ಯಾರ್ರೀ?" ಗದಗಿನ ಕಡೆಯ ಗಡುಸು ದನಿ.

"ನಮಸ್ಕಾರ ಸಾರ್. ನಿಮ್ಮ ನಂಬರ್ ಮೊದಲು ನನ್ನದಾಗಿತ್ತು."

"ಹಂಗಂದ್ರ?"

"ಈಗ ನಿಮಗೊಂದು ಓಟಿಪಿ ಬಂದಿರುತ್ತೆ, ಆರು ಅಂಕಿದು. ಸ್ವಲ್ಪ ಓದಿ ಹೇಳ್ತೀರಾ?"

ಒಂದು ಕ್ಷಣ ಮೌನ. ಮಾತಿನ 'ರೀ' ಬಿದ್ದುಹೋಯಿತು. "ಯಾವೂರಾಂವಲೇ ನೀ?"

"ತಪ್ಪು ತಿಳೀಬೇಡಿ ಸಾರ್, ನಾನು ಬ್ಯಾಂಕಿನವನು."

"ಎಲ್ಲಾರೂ ಹಂಗ ಅಂತೀರಿ. ಬ್ಯಾಂಕಿನವ್ರು ಎಂದೂ ಓಟಿಪಿ ಕೇಳಂಗಿಲ್ಲ ಅಂತ ನಮ್ಮ ಬ್ಯಾಂಕಿನಾಗ ಬೋರ್ಡ್ ಹಾಕ್ಯಾರ. 1930ಕ್ಕ ಫೋನ್ ಹಚ್ಚಲೇನು ಈಗ?"

1930 ಎಂದರೆ ಸೈಬರ್ ಅಪರಾಧದ ಸಹಾಯವಾಣಿ. ಗೊತ್ತು. ಅಂಥದ್ದೇ ಬೋರ್ಡಿಗೆ ನಮ್ಮ ಶಾಖೆಯಲ್ಲಿ ಸ್ಟೂಲಿನ ಮೇಲೆ ಹತ್ತಿ ಮೊಳೆ ಹೊಡೆದವನು ನಾನೇ. ಗ್ರಾಹಕರಿಗೆ ವರ್ಷವಿಡೀ ಹೇಳಿದರೂ ತಲೆಗೆ ಹೋಗದ ಪಾಠವನ್ನು ಈ ಪುಣ್ಯಾತ್ಮ ಎಷ್ಟು ಚೆನ್ನಾಗಿ ಒಪ್ಪಿಸಿದನೆಂದರೆ, ಬಯ್ಸಿಕೊಂಡರೂ ಎದೆ ತುಂಬಿ ಬಂತು. ಫೋನಿಟ್ಟೆ.

ಇನ್ನೊಂದು ದಾರಿ, ರಿಕವರಿ ಇಮೇಲ್. ಅದು ಭಾವಮೈದುನನದು. ಅವನು ತನ್ನ ಪಾಸ್‌ವರ್ಡ್ ಮರೆತು ಎಷ್ಟೋ ಕಾಲವಾಗಿದೆ. ಅವನ ರಿಕವರಿ ಇಮೇಲ್ ನನ್ನದು. ಇನ್ನುಳಿದದ್ದು, ನೀವು ಯಾವಾಗಲೂ ಬಳಸುವ ಸಾಧನದಿಂದ, ಯಾವಾಗಲೂ ಕೂರುವ ಜಾಗದಿಂದ ಪ್ರಯತ್ನಿಸಿ ಎಂಬ ಸಲಹೆ. ಸೋಫಾದ ನನ್ನ ಮಾಮೂಲಿ ಮೂಲೆಯಲ್ಲಿ, ಮಾಮೂಲಿ ಲುಂಗಿಯಲ್ಲಿ ಕೂತು ಪ್ರಯತ್ನಿಸಿದೆ. ಪ್ರತಿ ಸಲವೂ ಸ್ವಲ್ಪ ಹೊತ್ತು ಚಕ್ರ ತಿರುಗಿ, ಇದು ನೀವೇ ಎಂದು ಖಚಿತವಾಗಲಿಲ್ಲ ಎಂಬ ಉತ್ತರ.

ದೇವರಿಗೆ ದೀಪ ಹಚ್ಚಿ ಬಂದ ಅಮ್ಮ ಫೋನನ್ನು ನನ್ನ ಮುಂದೆ ಹಿಡಿದಳು. "ಇದೇನೋ ಇದು? ಜಪಕ್ಕೆ ಕೂತಾಗಲೆಲ್ಲ ಬಂದು ಒಂದೇ ಪ್ರಶ್ನೆ ಕೇಳ್ತಿದೆ."

ಪರದೆಯ ಮೇಲೆ ಅಚ್ಚಗನ್ನಡದಲ್ಲಿ: ಸೈನ್ ಇನ್ ಮಾಡಲು ಪ್ರಯತ್ನಿಸುತ್ತಿರುವುದು ನೀವೇನಾ? ಕೆಳಗೆ ಎರಡು ಗುಂಡಿ. 'ಹೌದು, ಇದು ನಾನೇ.' 'ಇಲ್ಲ, ಇದು ನಾನಲ್ಲ.'

ಅದು ನನ್ನ ಹಳೆಯ ಫೋನು. ಹೊಸದು ಕೊಂಡಾಗ ಖಾತೆ ತೆಗೆಯದೆ ಹಾಗೇ ಅಮ್ಮನಿಗೆ ಕೊಟ್ಟಿದ್ದೆ. ಪಾಸ್‌ವರ್ಡ್ ಬದಲಿಸಿದಾಗ ಎಲ್ಲರೂ ಹೊರಗೆ ಬಿದ್ದರೂ, ಗುರುತು ಹೇಳುವ ಸಾಕ್ಷಿ ಎಂದು ನಮೂದಾಗಿದ್ದ ಫೋನು ಒಳಗೇ ಉಳಿದಿತ್ತು. ನಾನು ಸೋಫಾದಲ್ಲಿ ಒದ್ದಾಡುತ್ತಿದ್ದಷ್ಟೂ ಹೊತ್ತು ಸಾಕ್ಷಿ ಕೇಳುತ್ತಿದ್ದದ್ದು ದೇವರಮನೆಯಲ್ಲಿ.

"ನೀನೇನು ಒತ್ತಿದೆ ಅಮ್ಮ?"

"ಪ್ರಯತ್ನ ಮಾಡ್ತಿದ್ದದ್ದು ನಾನಲ್ಲವಲ್ಲ. 'ಇದು ನಾನಲ್ಲ' ಅಂತಲೇ ಒತ್ತಿದೆ. ದೇವರ ಮುಂದೆ ಕೂತು ಸುಳ್ಳು ಹೇಳಕ್ಕಾಗುತ್ತಾ? ಸಾಲದ್ದಕ್ಕೆ, ಗೊತ್ತಿಲ್ಲದ್ದು ಏನು ಕೇಳಿದ್ರೂ ಇಲ್ಲ ಅನ್ನು ಅಂತ ನೀನೇ ತಾನೆ ಹೇಳಿಕೊಟ್ಟಿದ್ದು?"

ಮತ್ತೆ ಪ್ರಯತ್ನಿಸುವ ಮುನ್ನ ಒಪ್ಪಂದವಾಯಿತು. ಗುಲಾಬಿ, ಹಂಸ, ರಾಯರು ಯಾರಿಗೂ ಕೈ ಹಚ್ಚಬಾರದು. ಜಾಗ ಸಾಲದಿದ್ದರೆ ದುಡ್ಡು ಕೊಟ್ಟು ಕೊಳ್ಳಬೇಕು. ಸೊಸೆಗೆ ಬೇರೆ ಖಾತೆ ಮಾಡಿಕೊಡಬೇಕು, ಆದರೆ ಮಧ್ಯಾಹ್ನದ ಫೋನು ಆಗೀಗ ತನಗೂ ಬರಬೇಕು. ಎಲ್ಲಕ್ಕೂ ತಲೆಯಾಡಿಸಿ ಲ್ಯಾಪ್‌ಟಾಪಿನಲ್ಲಿ ಒತ್ತಿದೆ. ಅಮ್ಮನ ಕೈಯಲ್ಲಿ ಫೋನು ಟಿಂಗ್ ಎಂದಿತು. ಅವಳು ಅದನ್ನು ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿ, ಅಡುಗೆಮನೆಯ ಕಡೆ ತಿರುಗಿದಳು.

"ಇವನು ಇವನೇನಾ ಅಂತ ಕೇಳ್ತಿದೆ ಕಣೇ. ಏನು ಒತ್ತಲಿ?"

ಒಗ್ಗರಣೆಯ ಸದ್ದಿನ ನಡುವಿನಿಂದ ಹೆಂಡತಿಯ ದನಿ ಬಂತು: "ಇಲ್ಲ ಅನ್ನಿ ಅತ್ತೆ. ಇವತ್ತೊಂದು ರಾತ್ರಿ ಹೊರಗಿರ್ಲಿ."