ಸನ್ನದು ಪರೀಕ್ಷೆಯಲ್ಲಿ ಅಜ್ಞಾನದ ಸದ್ವಿನಿಯೋಗ

ಅಖಿಲ ಭಾರತ ವಕೀಲರ ಪರೀಕ್ಷೆಗೆ ಓದುವುದು ಹೇಗೆಂದು ಹೇಳಿಕೊಡುವ ಗೈಡು, ಪ್ರಶ್ನೋತ್ತರ ಮಾಲೆ, ಯೂಟ್ಯೂಬ್ ಪ್ರವಚನಗಳೆಲ್ಲ ಒಂದೇ ಭ್ರಮೆಯ ಮೇಲೆ ನಿಂತಿವೆ. ಓದುವುದೆಂದರೆ ತಿಳಿಯದ್ದನ್ನು ತಿಳಿದುಕೊಳ್ಳುವುದು ಎಂಬುದೇ ಆ ಭ್ರಮೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇದಕ್ಕೆ ತದ್ವಿರುದ್ಧವಾದದ್ದು: ಈ ಪರೀಕ್ಷೆಯ ಮಟ್ಟಿಗೆ ಅಧ್ಯಯನವೆಂದರೆ ಯಾವುದನ್ನು ತಿಳಿಯದೆ ಉಳಿಯಬೇಕು ಎಂಬುದರ ಶಾಸ್ತ್ರೋಕ್ತ ನಿರ್ಣಯ. ಮೂರೋ ಐದೋ ವರ್ಷ ಕಾನೂನು ಕಾಲೇಜಿನಲ್ಲಿ ಜತನದಿಂದ ಕಾಪಾಡಿಕೊಂಡು ಬಂದ ಅಜ್ಞಾನವನ್ನು ಕೊನೆಯ ತಿಂಗಳಲ್ಲಿ ಏಕಾಏಕಿ ಹಾಳುಮಾಡಿಕೊಳ್ಳುವುದು ಅವಿವೇಕ; ಅದನ್ನು ಯಾವ ವಿಷಯದಲ್ಲಿ ಎಷ್ಟು ತೊಡಗಿಸಬೇಕೆಂದು ಲೆಕ್ಕ ಹಾಕುವುದು ವಿವೇಕ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನೂ, ಅಂದರೆ ಇಲ್ಲದ್ದನ್ನು ಇಲ್ಲವೆಂದು ಅರಿಯುವುದನ್ನೂ, ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ್ದಾರೆ. ಈ ಪರೀಕ್ಷೆ ನಡೆಸುವ ಭಾರತೀಯ ವಕೀಲರ ಪರಿಷತ್ತು ಇದೇ ಪಂಥಕ್ಕೆ ಸೇರಿದ್ದೆಂದು ತೋರಿಸುವುದು ಕಷ್ಟವೇನಲ್ಲ.

ಮೊದಲಿಗೆ ಗಣಿತವನ್ನೇ ಸಾಕ್ಷಿಗೆ ಕರೆಯೋಣ. ಪ್ರಶ್ನೆಗಳು 100, ಒಂದೊಂದಕ್ಕೂ ನಾಲ್ಕು ಆಯ್ಕೆ, ತಪ್ಪಿದರೆ ಅಂಕ ಕಡಿತವಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರು ತೇರ್ಗಡೆಯಾಗಲು 45 ಬೇಕು. ಪರಿಶಿಷ್ಟರಿಗೂ ಅಂಗವಿಕಲರಿಗೂ 40 ಸಾಕು. ಏನೊಂದೂ ತಿಳಿಯದವನು ಕಣ್ಣುಮುಚ್ಚಿ ಓಎಂಆರ್ ಹಾಳೆಯ ವೃತ್ತಗಳನ್ನು ಕಪ್ಪು ಮಾಡುತ್ತ ಹೋದರೂ ಸರಾಸರಿ 25 ಅಂಕ ಅವನ ಜನ್ಮಸಿದ್ಧ ಹಕ್ಕು. 27 ಪ್ರಶ್ನೆಗಳಿಗೆ ಮಾತ್ರ ಖಚಿತವಾಗಿ ಉತ್ತರ ಬಲ್ಲವನು ಉಳಿದ 73ರಲ್ಲಿ ಊಹೆಯಿಂದಲೇ 18 ಗಿಟ್ಟಿಸಿ 45 ಮುಟ್ಟುತ್ತಾನೆ. ಅಂದರೆ ಅವನ ಸನ್ನದಿನ ಐದು ಪಾಲಿನಲ್ಲಿ ಎರಡು ಪಾಲು ಅಜ್ಞಾನದ ಸ್ವಯಾರ್ಜಿತ. ಇಲ್ಲಿ ಸಂಖ್ಯಾಶಾಸ್ತ್ರದವರು ಎದ್ದು ನಿಂತು, ಸರಾಸರಿಯನ್ನು ನಂಬಿಕೊಂಡು ಹೋದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಡುಮ್ಕಿ ಹೊಡೆಯುತ್ತಾರಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸಾಧುವಾದದ್ದೇ. ಆದಕಾರಣ 40 ಪ್ರಶ್ನೆಗಳಷ್ಟು ಜ್ಞಾನವನ್ನು ಆಪದ್ಧರ್ಮವೆಂದು ಸಹಿಸಿಕೊಳ್ಳತಕ್ಕದ್ದು. ಆಗ ಸರಾಸರಿ 55ಕ್ಕೆ ಏರುತ್ತದೆ, ಅದೃಷ್ಟ ಸ್ವಲ್ಪ ಕೈಕೊಟ್ಟರೂ ಕರಿಕೋಟು ಕೈಬಿಡುವುದಿಲ್ಲ. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವುದು ದುಂದುಗಾರಿಕೆ.

ಹಾಗಾದರೆ ಅಜ್ಞಾನವನ್ನು ಎಲ್ಲಿ ತೊಡಗಿಸಬೇಕು? ಪಠ್ಯಕ್ರಮವೇ ಇದಕ್ಕೆ ಉತ್ತರ ಹೇಳುತ್ತದೆ. 19 ವಿಷಯಗಳಲ್ಲಿ ಸಂವಿಧಾನಕ್ಕೆ 10, ಸಿವಿಲ್ ಪ್ರಕ್ರಿಯಾ ಸಂಹಿತೆಗೆ (ಸಿಪಿಸಿ) 10, ಕ್ರಿಮಿನಲ್ ಪ್ರಕ್ರಿಯೆಗೆ 10, ದಂಡಸಂಹಿತೆಗೆ 8, ಸಾಕ್ಷ್ಯಕ್ಕೆ 8. ಐದೂ ಸೇರಿದರೆ 46. ಬೇಕಾದದ್ದು 45, ಮಿಕ್ಕ ಒಂದು ದಾನಧರ್ಮಕ್ಕೆ. ಇನ್ನೊಂದು ಕಡೆ ಕಂಪನಿ ಕಾನೂನನ್ನು ನೋಡಿ: 2013ರ ಅಧಿನಿಯಮದಲ್ಲಿ 470 ಸೆಕ್ಷನ್‌ಗಳು, ಪ್ರಶ್ನೆಗಳು ಎರಡೇ ಎರಡು. ಒಂದು ಅಂಕಕ್ಕೆ 235 ಸೆಕ್ಷನ್ ಬಿತ್ತು. ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 170 ಸೆಕ್ಷನ್‌ಗಳಿಗೆ ಎಂಟು ಪ್ರಶ್ನೆ, ಅಂಕವೊಂದಕ್ಕೆ ಇಪ್ಪತ್ತೊಂದು ಚಿಲ್ಲರೆ. ಇಷ್ಟು ನಿಚ್ಚಳವಾದ ದರಪಟ್ಟಿ ಕಣ್ಣೆದುರಿಗಿದ್ದರೂ ಪರೀಕ್ಷೆಯ ಹಿಂದಿನ ರಾತ್ರಿ ನಿರ್ದೇಶಕರ ಮಂಡಳಿಯ ಕೋರಂ ಎಷ್ಟೆಂದು ಉರು ಹೊಡೆಯುವ ಅಭ್ಯರ್ಥಿಗಳಿದ್ದಾರೆ. ಅವರು ಮುಂದೆ ಕಕ್ಷಿದಾರನಿಂದ ಫೀಸು ವಸೂಲು ಮಾಡುವ ಪರಿಯನ್ನು ಊಹಿಸಿಕೊಂಡರೆ ಕರುಣೆ ಉಕ್ಕುತ್ತದೆ.

ಈಗ ಪ್ರಬಲವಾದ ಪೂರ್ವಪಕ್ಷ. ಬೇರ್ ಆಕ್ಟನ್ನು, ಅಂದರೆ ಟಿಪ್ಪಣಿಯಿಲ್ಲದ ಮೂಲ ಕಾನೂನು ಪಠ್ಯವನ್ನು, ಪರೀಕ್ಷಾ ಕೊಠಡಿಯೊಳಕ್ಕೆ ಒಯ್ಯಲು ಅನುಮತಿಯಿರುವಾಗ ಓದುವುದಾದರೂ ಯಾಕೆ, ನೋಡಿಕೊಂಡೇ ಬರೆಯಬಹುದಲ್ಲ ಎಂಬುದು. ಇದು ಯುದ್ಧಕಾಲೇ ಶಸ್ತ್ರಾಭ್ಯಾಸ ಪಂಥದವರ ವಾದ. ಪರೀಕ್ಷೆಯ ಅವಧಿಯನ್ನು ನೂರರಿಂದ ಭಾಗಿಸಿದರೆ ಪ್ರಶ್ನೆಗೆ ಸಿಗುವುದು ಸುಮಾರು ಎರಡು ನಿಮಿಷ. ವಾದಪತ್ರವನ್ನು ತಿರಸ್ಕರಿಸುವುದು ಯಾವ ನಿಯಮದಡಿ ಎಂಬ ಪ್ರಶ್ನೆ ಬಂತೆನ್ನಿ. ಏಳು, ಹನ್ನೊಂದು ಎಂದು ಎಲ್ಲೋ ಕೇಳಿದ ನೆನಪಾಗಿ ಅಭ್ಯರ್ಥಿ ಸಿಪಿಸಿಯ ಸೆಕ್ಷನ್ 7 ತೆಗೆಯುತ್ತಾನೆ, ಅಲ್ಲಿಲ್ಲ. ಸೆಕ್ಷನ್ 11 ತೆಗೆದರೆ ಪೂರ್ವನ್ಯಾಯ ಠೀವಿಯಿಂದ ಕೂತಿದೆ. ಎಂಜಲು ಹಚ್ಚಿದ ಬೆರಳು ಸೆಕ್ಷನ್ 158ರವರೆಗೂ ಓಡುತ್ತದೆ. ಸಂಹಿತೆ ಮುಗಿಯಿತೆಂದು ಪುಸ್ತಕ ಮುಚ್ಚುತ್ತದೆ. ಆರ್ಡರ್ 7 ರೂಲ್ 11 ಇರುವುದು ಅದರಾಚೆ, ಒಂದನೇ ಅನುಸೂಚಿಯಲ್ಲಿ. ಅಜ್ಞಾನದಲ್ಲೂ ಗುಣಭೇದವಿದೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ನನಗೆ ಗೊತ್ತಿಲ್ಲ, ಆದರೆ ಯಾವ ಪುಟದಲ್ಲಿದೆಯೆಂದು ಗೊತ್ತು ಎಂಬುದು ಸಾತ್ವಿಕ ಅಜ್ಞಾನ. ಗೊತ್ತಿಲ್ಲದೆಯೂ ಮೊದಲ ಓದಿಗೇ ‘ಸಿ’ ಎಂದು ಗುರುತು ಹಾಕುವುದು ರಾಜಸ. ಗೈಡು ಕೊಂಡು, ಬೈಂಡ್ ಹಾಕಿಸಿ, ಮೇಜಿನ ಮೇಲೆ ಇಟ್ಟು ಅದರ ಸಾನ್ನಿಧ್ಯದಿಂದಲೇ ಫಲ ನಿರೀಕ್ಷಿಸುವುದು ತಾಮಸ. ಪರೀಕ್ಷೆಗೆ ಯೋಗ್ಯವಾದದ್ದು ಮೊದಲನೆಯದೊಂದೇ. ಅದು ಬರಬೇಕಾದರೆ ಐದಾರು ಬೇರ್ ಆಕ್ಟುಗಳ ಸೆಕ್ಷನ್ ಪಟ್ಟಿಯನ್ನು ಮತ್ತೆ ಮತ್ತೆ ತಿರುವಿ ಹಾಕದೆ ಗತ್ಯಂತರವಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದನ್ನೂ ಈ ಸಿದ್ಧಾಂತ ನಿಷೇಧಿಸುವುದಿಲ್ಲ.

ಬಾಯಿಪಾಠ ಮಾಡಿದ ಜ್ಞಾನವೇ ಕೈಕೊಡುತ್ತದೆ ಎಂಬುದಕ್ಕೆ ಶಾಸನದ ಪ್ರಮಾಣವೂ ಉಂಟು. 2024ರ ಜುಲೈ 1ರಂದು 511 ಸೆಕ್ಷನ್‌ಗಳ ದಂಡಸಂಹಿತೆಯ ಜಾಗಕ್ಕೆ 358 ಸೆಕ್ಷನ್‌ಗಳ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯೆಂದರೆ 302 ಎಂದು ಸಿನಿಮಾ ನೋಡಿಯೇ ಕಲಿತಿದ್ದವರ ಕಥೆ ಈಗ ಏನು? ಹೊಸ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ 103ಕ್ಕೆ ಹೋಗಿದೆ. 302ರಲ್ಲಿರುವುದು ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತನ್ನಾಡುವ ಅಪರಾಧ. ವಂಚನೆ 318ಕ್ಕೆ ಗುಳೆ ಹೋಗಿದ್ದರಿಂದ ಊರೂರಿನ ಫೋರ್‌ಟ್ವೆಂಟಿಗಳು ಸೆಕ್ಷನ್ ಇಲ್ಲದೆ ಅನಾಥರಾಗಿದ್ದಾರೆ. ಹಳೆಯದನ್ನು ಕಲಿತವನು ಮರೆತು ಕಲಿಯಬೇಕು. ಏನೂ ಕಲಿಯದವನಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ.

ಕೊನೆಯದು ನೀತಿವಂತರ ಆಕ್ಷೇಪ: ಕಾನೂನು ತಿಳಿಯದವನು ವಕೀಲನಾಗಬಹುದೇ? ಪರಿಷತ್ತಿನ ನಡವಳಿಕೆಯೇ ಇದಕ್ಕೆ ಸಮಾಧಾನ. ಪದವಿ ಮುಗಿಸಿದವನಿಗೆ ತಾತ್ಕಾಲಿಕ ನೋಂದಣಿ ಕೊಟ್ಟು, ಪರೀಕ್ಷೆ ಪಾಸಾಗಲು ಎರಡು ವರ್ಷ ಅವಕಾಶವಿತ್ತು, ಅಷ್ಟರವರೆಗೆ ವಕಾಲತ್ತು ಹಾಕಲು ಬಿಡುವ ಸಂಸ್ಥೆ ಅಜ್ಞಾನವನ್ನು ಎಷ್ಟು ನಂಬಿರಬೇಡ! ಚರಿತ್ರೆಯೂ ಇದನ್ನೇ ಹೇಳುತ್ತದೆ. 1961ರ ವಕೀಲರ ಅಧಿನಿಯಮದಲ್ಲಿದ್ದ ತರಬೇತಿ, ಪರೀಕ್ಷೆಯ ಷರತ್ತನ್ನು 1973ರ ತಿದ್ದುಪಡಿ ಕಿತ್ತುಹಾಕಿತು. ಪರಿಷತ್ತು 1995ರಲ್ಲಿ ತಂದ ತರಬೇತಿ ನಿಯಮಗಳನ್ನು ಸುಪ್ರೀಂ ಕೋರ್ಟು 1999ರಲ್ಲಿ ಸುದೀರ್ ಪ್ರಕರಣದಲ್ಲಿ ರದ್ದು ಮಾಡಿತು. 2010ರಲ್ಲಿ ಪರೀಕ್ಷೆಯ ನಿಯಮ ಬಂತು, 2011ರ ಮಾರ್ಚ್‌ನಲ್ಲಿ ಮೊದಲ ಪರೀಕ್ಷೆ ನಡೆಯಿತು. 2023ರ ಫೆಬ್ರವರಿ 10ರಂದು ಬೋನಿ ಫೋಯ್ ಲಾ ಕಾಲೇಜು ಪ್ರಕರಣದಲ್ಲಿ ಸಂವಿಧಾನ ಪೀಠ ಈ ಪರೀಕ್ಷೆಯನ್ನು ಎತ್ತಿಹಿಡಿಯಿತು. ಆ ಪೀಠದ ಐವರು ನ್ಯಾಯಮೂರ್ತಿಗಳೂ ಇಂಥದ್ದೊಂದು ಪರೀಕ್ಷೆಯೇ ಇಲ್ಲದಿದ್ದ ಎಂಬತ್ತರ ದಶಕದಲ್ಲಿ ವಕೀಲರಾದವರು. ಪರೀಕ್ಷೆ ಬರೆಯದೆಯೂ ಅದರ ಸಿಂಧುತ್ವ ನಿರ್ಣಯಿಸಬಹುದಾದರೆ, ಅರ್ಧ ಓದಿ ಅದನ್ನು ಬರೆಯುವುದರಲ್ಲಿ ದೋಷ ಕಾಣುವವರು ಮೊದಲು ತಮ್ಮ ಸನ್ನದಿನ ಇಸವಿ ಹೇಳತಕ್ಕದ್ದು.

ಆದ್ದರಿಂದ ಆಕ್ಷೇಪಗಳನ್ನು ಖರ್ಚುಸಹಿತ ವಜಾ ಮಾಡಲಾಗಿದೆ. ಅಭ್ಯರ್ಥಿಗಳಲ್ಲಿ ಒಂದು ಅರಿಕೆ: ಬೇರ್ ಆಕ್ಟ್ ಕೊಳ್ಳುವಾಗ ಹೊಸ ಸಂಹಿತೆಗಳ ಮುದ್ರಣವನ್ನೇ, ಟಿಪ್ಪಣಿ ವ್ಯಾಖ್ಯಾನಗಳಿಲ್ಲದ್ದನ್ನೇ ನೋಡಿ ಕೊಳ್ಳಿ. ಸೀನಿಯರ್ ಪ್ರೀತಿಯಿಂದ ಕೊಟ್ಟ ಹಳೆಯ ಪ್ರತಿಯಾದರೆ ಅಂಚುಗಳನ್ನು ಒಮ್ಮೆ ಪರಿಶೀಲಿಸಿ. ಅವರ ಕೈಬರಹದ ಜ್ಞಾನಕ್ಕೆ ಪರೀಕ್ಷಾ ಕೊಠಡಿಯೊಳಗೆ ಪ್ರವೇಶವಿಲ್ಲ.